ಬ್ಯಾಡ ಅಂದರೆ ಬೇಡವೇ?

ನಮ್ಮ ಕಡೆ ‘ಬ್ಯಾಡ’ ಎಂಬ ಮಾತಿಗೆ ಕವಡೆ ಕಾಸಿನ ಕಿಮ್ಮತ್ತಿಲ್ಲ. ದಾವಣಗೆರೆಯಲ್ಲಿ ಯಾರ ಮನೆಗಾದರೂ ಹೋಗಿ ನೋಡಿ. ‘ಬರ್ರಿ, ಕೂಡ್ರಿ’ ಎನ್ನುತ್ತಾರೆ. ನೀವು ಕೂಡುವಷ್ಟರಲ್ಲಿ ಹಾಗೆಂದವರು ಒಳಗೆ ಹೋಗಿರುತ್ತಾರೆ. ‘ಏನೂ ಬ್ಯಾಡ್ರಿ, ಈಗಷ್ಟೇ ಆಯ್ತು’ ಎಂದು ನೀವು ಕೂಗಿದರೆ ಉತ್ತರವಾಗಿ ಒಗ್ಗರಣೆಯ ಚಟಪಟ ಕೇಳುತ್ತದೆ. ಸ್ವಲ್ಪ ಹೊತ್ತಿಗೆ ತಟ್ಟೆ ತುಂಬ ಮಂಡಕ್ಕಿ, ಪಕ್ಕದಲ್ಲಿ ಮಿರ್ಚಿ. ಒಮ್ಮೆ ಬೇರೆ ಸೀಮೆಯ ಮನೆಯೊಂದರಲ್ಲಿ ನನ್ನ ಬ್ಯಾಡವನ್ನು ನಿಜವೆಂದೇ ನಂಬಿಬಿಟ್ಟರು. ಪಾಪ, ಒಳ್ಳೆಯ ಜನ. ಆ ದಿನ ಹಸಿದುಕೊಂಡೇ ಬಸ್ಸು ಹತ್ತಿದೆ.

ಈ ವಿಚಾರ ಈಗ ತಲೆಗೆ ಹೊಕ್ಕಿದ್ದು ತಪಸ್ಸು ಕಾಲದಿಂದಾಗಿ. ಈಸ್ಟರ್ ಹಬ್ಬಕ್ಕೆ ಮುಂಚೆ ನಾವು ಕ್ರೈಸ್ತರು ಉಪವಾಸ, ಪ್ರಾರ್ಥನೆ ಎಂದು ಮನಸ್ಸನ್ನು ಹದ ಮಾಡಿಕೊಳ್ಳುವ ದಿನಗಳಿಗೆ ಕನ್ನಡದಲ್ಲಿ ಹಾಗೆ ಹೆಸರು. ಕೇಳಿದರೆ ಮೈಮೇಲೆ ಹುತ್ತ ಬೆಳೆದ ಋಷಿಗಳೇ ಕಣ್ಣಮುಂದೆ ಬರುತ್ತಾರೆ. ನನ್ನ ತಪಸ್ಸಾದರೋ ಬೆಣ್ಣೆ ದೋಸೆ ಬಿಡುವುದು. ಋಷಿಗಳಿಗೆ ಕಾಡು ಇತ್ತು; ನನಗೆ ಬೀದಿಗೊಂದು ಕಾದ ಕಾವಲಿ ಇದೆ. ಈ ಊರಿನಲ್ಲಿ ತಪೋಭಂಗಕ್ಕೆ ಅಪ್ಸರೆಯರು ಇಳಿದು ಬರುವ ಅಗತ್ಯವೇ ಇಲ್ಲ. ಖಾಲಿ ದೋಸೆಯಾದರೆ ವ್ರತ ಕೆಡುವುದಿಲ್ಲ ಎಂದು ಒಂದು ವಾದ ಹೂಡಿ ನೋಡಿದೆ. ಅದರ ಮೇಲೂ ಬೆಣ್ಣೆ ಕೂತಿರುತ್ತದೆ ಎಂಬುದನ್ನು ಹೆಂಡತಿ ನೆನಪಿಸಿದಳು.

ಈ ದಿನಗಳಲ್ಲಿ ಸಂಜೆ ಒಬ್ಬೊಬ್ಬರ ಮನೆಯಲ್ಲಿ ಸೇರಿ ಬೈಬಲ್ಲಿನ ಶುಭಸಂದೇಶದಿಂದ ಯೇಸುವಿನ ಒಂದು ಕಥೆ ಓದುತ್ತೇವೆ, ಆಮೇಲೆ ಮನಸ್ಸಿಗೆ ಬಂದದ್ದನ್ನು ಹೇಳುತ್ತೇವೆ. ನಮ್ಮ ಮನೆಯ ಸರದಿಗೆ ಮಾರ್ತಾ ಮತ್ತು ಮರಿಯಾ ಎಂಬ ಅಕ್ಕತಂಗಿಯರ ಕಥೆ ಬಂತು. ಯೇಸು ಅವರ ಮನೆಗೆ ಬರುತ್ತಾನೆ. ತಂಗಿ ಅವನ ಪಾದದ ಬಳಿ ಮಾತು ಕೇಳುತ್ತ ಕೂಡುತ್ತಾಳೆ. ಅಕ್ಕ ಅಡುಗೆಮನೆಯಲ್ಲಿ ಒಬ್ಬಳೇ ಬೇಯುತ್ತಾಳೆ. ಕೊನೆಗೆ ರೇಗಿ, ಇವಳಿಗೆ ಸ್ವಲ್ಪ ಹೇಳಬಾರದೇ ಎಂದು ಅತಿಥಿಯ ಬಳಿಯೇ ದೂರುತ್ತಾಳೆ. ನೀನು ಏನೇನೋ ಹಚ್ಚಿಕೊಂಡು ಒದ್ದಾಡುತ್ತಿದ್ದೀ, ಬೇಕಾದದ್ದು ಒಂದೇ, ಅದನ್ನು ನಿನ್ನ ತಂಗಿ ಆರಿಸಿಕೊಂಡಿದ್ದಾಳೆ ಎಂದು ಅವನು ಹೇಳುತ್ತಾನೆ.

ಓದಿ ಮುಗಿಸಿದೆ. ಎಲ್ಲರೂ ಭಕ್ತಿಯಿಂದ ಸುಮ್ಮನಿದ್ದರು. ಪಕ್ಕದ ಮನೆಯ ಗಿರಿಜಮ್ಮ ಮಾತ್ರ ಸುಮ್ಮನಿರಲಿಲ್ಲ. ಅವರು ಆನಗೋಡಿನವರು, ಕ್ರೈಸ್ತರಲ್ಲ. ಆದರೆ ನಮ್ಮ ಮನೆಯಲ್ಲಿ ನಾಲ್ಕು ಜನ ಸೇರಿದರೆ ಅವರಿಲ್ಲದೆ ಆಗದು.

‘ಅಯ್ಯ, ಬಂದೋರು ಬ್ಯಾಡ ಅಂತಾನೇ ಅಂತಾರ್ರಿ. ಹಂಗಂತ ಅಡಿಗೆ ಬಿಟ್ಟು ಕೂತ್ರೆ ಹೆಂಗೆ? ಒಂದೇ ಸಾಕು ಅಂದ್ರಲ್ಲ, ಆ ಒಂದು ಏನು ಅಂತ ಕೇಳಿ ಮಾಡಿಕ್ಕಬೇಕಿತ್ತು!’

ಮನೆಯೆಲ್ಲ ನಗು. ಧ್ಯಾನ ದೊಡ್ಡದೋ ಕಾಯಕ ದೊಡ್ಡದೋ ಎಂದು ಪಂಡಿತರು ಈ ಕಥೆಯನ್ನು ಹಿಡಿದು ಎಷ್ಟೋ ಕಾಲದಿಂದ ಜಗ್ಗಾಡುತ್ತಿದ್ದಾರೆ. ಯೇಸು ಹೇಳಿದ್ದು ಬರೀ ಉಪಚಾರದ ಮಾತಾಗಿರಬಹುದು ಎಂದು ಅವರಿಗೆ ಹೊಳೆದಿರಲಾರದು. ದಾಸೋಹದ ಈ ನಾಡಿನಲ್ಲಿ ಮಾರ್ತಾ ಹುಟ್ಟಿದ್ದರೆ ಅವಳನ್ನು ಶರಣೆ ಎಂದು ಕೂರಿಸಿ ಪೂಜೆ ಮಾಡುತ್ತಿದ್ದೆವು. ಕೂರಿಸಿದರೆ ಅವಳು ಕೂತಿರುತ್ತಿದ್ದಳೇ ಎಂಬುದು ಬೇರೆ ಪ್ರಶ್ನೆ.

ನಗುತ್ತಿದ್ದವನಿಗೆ ಹರಿಹರದ ರೀಟಾ ಅಕ್ಕ ನೆನಪಾದಳು. ಭಾವ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಫೋನ್ ಮಾಡಿದಾಗಲೆಲ್ಲ ಅವಳದ್ದು ಒಂದೇ ಮಾತು: ‘ನಂಗೇನಾಗೈತೆ? ಚೆನ್ನಾಗಿದೀನಿ. ಯಾರೂ ಬರೋದು ಬ್ಯಾಡ.’ ನಾವು ಸರಿ ಎಂದೆವು. ಅವಳನ್ನು ಈಚೆಗೆ ಇಗರ್ಜಿಯಲ್ಲಿ ಕಂಡ ಪರಿಚಯದವರು ‘ಅರ್ಧ ಆಗ್ಯಾಳೆ ನಿಮ್ಮಕ್ಕ’ ಎಂದಿದ್ದರು. ಚಹಾದ ವಿಷಯದಲ್ಲಿ ಯಾರ ಬ್ಯಾಡವನ್ನೂ ನಂಬದ ಊರಿನವರು ನಾವು. ದುಃಖದ ವಿಷಯದಲ್ಲಿ ಅಕ್ಕನ ಬ್ಯಾಡವನ್ನು ಇಷ್ಟು ಸಲೀಸಾಗಿ ಹೇಗೆ ನಂಬಿದೆವೋ!

ಭಾನುವಾರ ಪೂಜೆ ಮುಗಿಸಿಕೊಂಡು, ಹೇಳದೆ ಕೇಳದೆ ಹರಿಹರದ ಬಸ್ಸು ಹತ್ತಿದೆ. ಬಾಗಿಲು ತೆರೆದ ಅಕ್ಕ ನಿಜವಾಗಿಯೂ ಅರ್ಧವಾಗಿದ್ದಳು. ‘ಬಂದ್ಯಾ? ಕೂಡು’ ಎಂದವಳೇ ಒಳಗೆ ಹೋದಳು. ಚಹಾ ಬಂತು. ‘ಏನೂ ಬ್ಯಾಡ, ನೀನು ಕೂಡಕ್ಕಾ’ ಎಂದೆ. ಅವಲಕ್ಕಿ ಬಂತು. ‘ಊಟ ಮಾಡ್ಕಂಡೇ ಹೋಗು’ ಎಂದು ಮತ್ತೆ ಒಳಗೆ ಹೋದಳು. ಹೊರಗೆ ಬಂದಾಗಲೂ ನನ್ನ ಮುಖ ನೋಡುತ್ತಿರಲಿಲ್ಲ, ತಟ್ಟೆ ನೋಡುತ್ತಿದ್ದಳು.

ಒಬ್ಬನೇ ಅವಲಕ್ಕಿ ತಿನ್ನುತ್ತ ಕೂತಾಗ ಆ ಕಥೆಯ ಮೇಲೆ ಒಂದು ಸಣ್ಣ ತಕರಾರು ಹುಟ್ಟಿತು. ಮಾರ್ತಾ ಹೊರಗೆ ಬಂದು ಕೂಡಲಿಲ್ಲ, ಸರಿ. ಬಂದವನು ಎದ್ದು ಒಳಗೆ ಹೋಗಬಹುದಿತ್ತಲ್ಲ? ಆದರೆ ಅವನನ್ನು ದೂರುವಂತೆಯೂ ಇಲ್ಲ. ಮುಂದೆ ಮಾರ್ತಾಳ ತಮ್ಮ ಸತ್ತಾಗ ಯೇಸು ಆ ಊರಿಗೆ ಹೋದ, ನೀನು ಇಲ್ಲಿದ್ದಿದ್ದರೆ ತಮ್ಮ ಸಾಯುತ್ತಿರಲಿಲ್ಲ ಎಂಬ ಅವಳ ದೂರನ್ನು ಪೂರ್ತಿ ಕೇಳಿದ, ಗೋರಿಯ ಹತ್ತಿರ ಅತ್ತ. ಆ ದಿನ ಅವನಿಗೆ ಯಾರೂ ಅಡುಗೆ ಮಾಡಿದ ಹಾಗೆ ಕಾಣುವುದಿಲ್ಲ.

ನಾನು ತಟ್ಟೆ ಹಿಡಿದುಕೊಂಡು ಅಡುಗೆಮನೆಗೆ ಹೋಗಿ ನೆಲದ ಮೇಲೆ ಕೂತೆ. ‘ಇಲ್ಯಾಕ ಬಂದ್ಯೋ, ಸೆಖೆ ಐತೆ’ ಎಂದಳು. ‘ಇರ್ಲಿ ಬಿಡು’ ಎಂದು ಬೆಳ್ಳುಳ್ಳಿ ಸುಲಿಯತೊಡಗಿದೆ. ಅವಳು ಒಲೆಯ ಮೇಲೆ ಅನ್ನಕ್ಕಿಟ್ಟಳು. ಆಮೇಲೆ, ನನಗೆ ಬೆನ್ನು ಮಾಡಿಕೊಂಡೇ ಅಕ್ಕ ಮಾತಾಡಿದಳು.

‘ಒಬ್ಳಿಗೆ ಅಂತ ಒಲೆ ಹಚ್ಚಾಕ ಮನಸ್ಸೇ ಬರಲ್ಲೋ. ನಿನ್ನೆ ಎಲ್ಲ ಬರೇ ಚಾದಾಗೇ ಕಳ್ದೆ. ನಿಮ್ ಭಾವ ದಿನಾ ಉಪ್ಪು ಕಮ್ಮಿ, ಉಪ್ಪು ಕಮ್ಮಿ ಅಂತ ತಲೆ ತಿನ್ನೋರು. ಈಗ ಹೆಂಗ್ ಮಾಡಿದ್ರೂ ಅನ್ನೋರೇ ಇಲ್ಲ.’

ಅಷ್ಟು ಹೇಳಿ, ಒಲೆ ಉರಿಯುತ್ತಿದ್ದ ಹಾಗೆಯೇ ನನ್ನ ಎದುರು ಕುಸಿದು ಕೂತು ಅತ್ತಳು. ನನಗೂ ತಡೆಯಲಾಗಲಿಲ್ಲ. ಅನ್ನ ಸೀದ ವಾಸನೆ ಇಬ್ಬರಿಗೂ ಬಂತು, ಇಬ್ಬರೂ ಏಳಲಿಲ್ಲ.

ಕೊನೆಗೆ ಅಲ್ಲೇ ನೆಲದ ಮೇಲೆ, ಸೀಯದೆ ಉಳಿದ ಮೇಲಿನ ಅನ್ನವನ್ನು ಹಂಚಿಕೊಂಡು ಊಟಕ್ಕೆ ಕೂತೆವು. ಸಾರು ಹದವಾಗಿತ್ತು, ಎಲ್ಲವೂ ಸರಿಯಾಗಿತ್ತು. ನಾನು ಒಂದು ತುತ್ತು ನುಂಗಿ, ‘ಅಕ್ಕಾ, ಉಪ್ಪು ಕಮ್ಮಿ ಐತೆ’ ಎಂದೆ.

ಅಕ್ಕ ನನ್ನನ್ನೇ ದಿಟ್ಟಿಸಿದಳು. ಬೆರಳಿಗೆ ಸಾರು ಹಚ್ಚಿಕೊಂಡು ರುಚಿ ನೋಡಿದಳು. ‘ನಿನ್ ನಾಲಿಗಿ ಕೆಟ್ಟೈತೆ’ ಎಂದು ಗದರಿ, ಅದನ್ನು ಸಾಬೀತು ಮಾಡುವ ಹಟಕ್ಕೇ ಬಿದ್ದು ತನ್ನ ತಟ್ಟೆಗೆ ಇನ್ನಷ್ಟು ಅನ್ನ, ಇನ್ನೊಂದು ಸೌಟು ಸಾರು ಹಾಕಿಕೊಂಡಳು.