ಡಾಕ್ಟರಮ್ಮನ ಮುಂದೆ ಹೇಳಿದ ಸುಳ್ಳು

ಮಗಳಿಗೆ ಎರಡು ವರ್ಷ ತುಂಬುವ ಹೊತ್ತಿಗೆ ಸಾತನೂರಿನ ನಮ್ಮ ಬೀದಿಯವರೆಲ್ಲ ವೈದ್ಯರಾಗಿದ್ದರು. ಅವಳ ಎದೆ ಗೊರಗೊರ ಎಂದರೆ ಸಾಕು, ಒಬ್ಬಳು ದೊಡ್ಡಪತ್ರೆ ರಸ ಅನ್ನುವಳು, ಇನ್ನೊಬ್ಬಳು ತಾಯತ ಅನ್ನುವಳು. ಕನಕಪುರದ ಮಕ್ಕಳ ಡಾಕ್ಟರಮ್ಮ ಮಾತ್ರ ಮುಖಕ್ಕೆ ಹಿಡಿದು ಔಷಧಿ ಉಸಿರಾಡಿಸುವ ಪಂಪ್ ಬರೆದುಕೊಟ್ಟು, ಉಬ್ಬಸ ಇರಲಿ ಬಿಡಲಿ, ದಿನಕ್ಕೆರಡು ಸಲ ಕೊಡಿ ಎಂದಿದ್ದರು.

ನಾನು ಕೊಡುತ್ತಿರಲಿಲ್ಲ. ಹೆರಿಗೆಯಾದಾಗಿನಿಂದ ನನಗೆ ಯಾವುದೂ ಬೇಡವಾಗಿತ್ತು. ತಲೆ ಬಾಚಲೂ ಬೇಸರ, ಮಗು ಅತ್ತರೂ ಏಳಲಾರದಷ್ಟು ಭಾರ. ಪಂಪ್ ಕಣ್ಣೆದುರಿಗೇ ಇರುತ್ತಿತ್ತು, ಕೈ ಮುಂದಾಗುತ್ತಿರಲಿಲ್ಲ. ಬಿ.ಎ. ಓದಿದವಳು ನಾನು, ಇದನ್ನು ಯಾರ ಹತ್ತಿರ ಹೇಳಲಿ? "ಉಣ್ಣಕ್ಕೆ ಉಡಕ್ಕೆ ಏನ್ ಕಮ್ಮಿ ಆಗೈತೆ?" ಅನ್ನುತ್ತಿದ್ದರು ನನ್ನ ಮಂಕು ಮುಖ ನೋಡಿದ ಬೀದಿಯವರು.

ಒಂದು ಬೆಳಿಗ್ಗೆ ಉಸಿರಾಡುವಾಗ ಮಗಳ ಪಕ್ಕೆ ಒಳಕ್ಕೆ ಸೆಳೆಯತೊಡಗಿತು. ಗಂಡ ಕೆಲಸಕ್ಕೆ ಹೋಗಿದ್ದರು. ಅತ್ತೆ, ನಾನು ಬಸ್ಸು ಹಿಡಿದು ಕನಕಪುರಕ್ಕೆ ಓಡಿದೆವು. ಔಷಧಿಯ ಆವಿ ಕೊಟ್ಟು ಮಗುವಿನ ಉಸಿರು ಹದಕ್ಕೆ ಬಂದ ಮೇಲೆ ಡಾಕ್ಟರಮ್ಮ, "ಪಂಪ್ ದಿನಾ ಕೊಡ್ತಿದ್ದೀರಾ?" ಎಂದರು.

"ಹೂಂ," ಎಂದೆ.

"ಇಲ್ಲ ಕಣ್ ಡಾಕ್ಟ್ರಮ್ಮಾ," ಅಂದರು ಅತ್ತೆ.

ಸೊಸೆಯ ಮಾನ ಕಳೆಯಲು ಮುದುಕಿ ಕಾದಿತ್ತು ಎಂದುಕೊಂಡೆ. ಅತ್ತೆ ಬದುಕೆಲ್ಲ ರೇಷ್ಮೆ ಹುಳ ಸಾಕಿದವರು. "ಇವ್ಳು ಸೋಮಾರಿ ಅಲ್ಲ," ಎಂದು ಮುಂದುವರಿಸಿದರು. "ಹುಳ ಮಂಕಾದ್ರೆ ನಾವು ಹುಳ ಒಂದ್ನೇ ನೋಡಕಿಲ್ಲ, ಸೊಪ್ಪು ಹೆಂಗೈತೆ ಅಂತ ತೋಟಾನೂ ನೋಡ್ತೀವಿ. ಎರಡು ವರ್ಸದಿಂದ ಇವ್ಳು ನಕ್ಕಿಲ್ಲ. ಒಸಿ ಇವಳ್ನೂ ನೋಡಿ."

ನಾನು ಅಲ್ಲೇ ಅತ್ತುಬಿಟ್ಟೆ. ಡಾಕ್ಟರಮ್ಮ ಗದರಲಿಲ್ಲ. ತಾಯಿಯ ಮನಸ್ಸು ಕುಗ್ಗಿದ್ದರೆ ಮಗುವಿನ ಉಬ್ಬಸ ಹತೋಟಿಗೆ ಬರುವುದೂ ಕಷ್ಟ, ಇದು ನಿಮ್ಮ ತಪ್ಪಲ್ಲ, ಇದಕ್ಕೂ ಔಷಧಿ ಇದೆ ಎಂದು ಮನೋವೈದ್ಯರಿಗೆ ಚೀಟಿ ಬರೆದುಕೊಟ್ಟರು.

ವಾಪಸು ಬರುವಾಗ ಬಸ್ಸಿನಲ್ಲಿ ನಮ್ಮೂರಿನ ಹೆಂಗಸೊಬ್ಬಳು, "ಮಗೀಗೆ ಉಸಾರಿಲ್ವಾ?" ಎಂದಳು. ನಾನು ಕಿಟಕಿಯ ಕಡೆ ತಿರುಗಿದೆ.

"ಮಗೀಗೆ ಉಬ್ಬಸ, ನನ್ ಸೊಸೆಗೆ ಮನಸ್ಸಿಗೆ ಉಸಾರಿಲ್ಲ," ಅಂದರು ಅತ್ತೆ, ನೆಗಡಿ ಅನ್ನುವಷ್ಟು ಸಲೀಸಾಗಿ, ಅರ್ಧ ಬಸ್ಸಿಗೆ ಕೇಳುವಂತೆ. "ಇಬ್ರಿಗೂ ಔಸ್ದಿ ಕೊಡುಸ್ತೀನಿ. ವಾಸಿ ಆಯ್ತದೆ."

ಮುಖ ಎಲ್ಲಿಡಲಿ ಎನ್ನಿಸಿತು. ಅದರ ಹಿಂದೆಯೇ, ಇನ್ನು ಬಚ್ಚಿಡುವುದು ಏನೂ ಉಳಿದಿಲ್ಲ ಎಂಬ ನೆಮ್ಮದಿಯೂ ಬಂತು.

ಸಂಜೆ ಪಂಪ್ ಕೈಗೆತ್ತಿಕೊಂಡೆ. ಕೈ ಅರ್ಧಕ್ಕೇ ನಿಂತಿತು. ಅತ್ತೆ ನನ್ನ ಮಣಿಕಟ್ಟು ಹಿಡಿದು ಪಂಪನ್ನು ಮಗುವಿನ ಮುಖಕ್ಕೆ ತಂದರು. ಮಗಳು ಉಸಿರೆಳೆದಳು.