ಆಕ್ಸಿಜನ್ ಗ್ರಹದ ಒಬ್ಬನೇ ಪ್ರಜೆ

ತಪ್ಪು ನನ್ನದೇ. ಶುರುವಿನಲ್ಲೇ ಹೇಳಿಬಿಟ್ಟರೆ ನಿಮಗೂ ನಗುವುದಕ್ಕೆ ಅನುಕೂಲ. ಸೆಕೆ ತಡೆಯಲಾರದೆ ನಾನು ಗ್ಯಾಸ್ ಕಟಿಂಗಿನ ಆಕ್ಸಿಜನ್ ಪೈಪನ್ನು ಅಂಗಿಯೊಳಗೆ ಬಿಟ್ಟುಕೊಂಡೆ.

ಪೀಣ್ಯದ ನಮ್ಮ ಶೆಡ್ಡಿನಲ್ಲಿ ಇದು ಗುಟ್ಟಿನ ಸಂಪ್ರದಾಯ. ಮೇಲೆ ತಗಡು, ಇರುವ ಒಂದು ಫ್ಯಾನು ಓನರ್ ಕಡೆಗೇ ತಿರುಗಿರುತ್ತದೆ. ಮೈಮೇಲಿನ ಕಬ್ಬಿಣದ ಧೂಳು ಊದಿಕೊಳ್ಳುವುದೂ ಅದೇ ಪೈಪಿನಲ್ಲಿ. ಮೇಸ್ತ್ರಿ ನಂಜಪ್ಪನವರು ಕಂಡಾಗಲೆಲ್ಲ ಮೂಗಿನಲ್ಲಿ ಬೈಯುತ್ತಾರೆ. ಆ ಮೂಗಿನ ದನಿ ನನಗೆ ಎಷ್ಟು ಚೆನ್ನಾಗಿ ಬರುತ್ತದೆಂದರೆ, ಹುಡುಗರು ದಿನಾ ಊಟದ ಹೊತ್ತಿಗೆ ಅದನ್ನು ಉಪ್ಪಿನಕಾಯಿಯ ಹಾಗೆ ಕೇಳಿ ಹಾಕಿಸಿಕೊಳ್ಳುತ್ತಾರೆ. ಕನ್ನಡಿ ಮುಂದೆ ನನ್ನನ್ನೂ ಅಣಕಿಸಿ ನೋಡಿದ್ದೇನೆ. ಅದೊಂದು ಮಾತ್ರ ಸರಿಯಾಗಿ ಬರಲಿಲ್ಲ.

ಅವತ್ತು ಅಂಗಿ ಉಬ್ಬಿಸಿಕೊಂಡು ಊಟಕ್ಕೆ ಕೂತವನು, ಮೊಬೈಲಿನಲ್ಲಿ ನೋಡಿದ್ದ ಗ್ರಹವೊಂದರ ಕಥೆ ತೆಗೆದೆ. ಅಲ್ಲಿನ ಗಾಳಿಯ ತುಂಬ ಆಕ್ಸಿಜನ್. ಯಾರಿಗೂ ಸುಸ್ತಿಲ್ಲ, ಡಬಲ್ ಶಿಫ್ಟ್ ಮಾಡಿಯೂ ಕುಣಿಯಬಹುದು. ನಮ್ಮ ಭೂಮಿಯೂ ಒಂದು ಕಾಲಕ್ಕೆ ಹಾಗೇ ಇತ್ತಂತೆ, ಏರೋಪ್ಲೇನ್ ಚಿಟ್ಟೆಗಳು ಕಾಗೆಯಷ್ಟು ದಪ್ಪ ಇದ್ದವಂತೆ. ಪಕ್ಕದಲ್ಲಿ ಗದಗಿನ ವೆಲ್ಡರ್ ಬಸಣ್ಣ ಡಬ್ಬಿ ಮುಚ್ಚಿ, ಬೀಡಿ ಬಾಯಿಗಿಟ್ಟು, ಕಡ್ಡಿಪೆಟ್ಟಿಗೆ ತೆಗೆದ.

"ಬೀಡಿ ಅಚ್ಚಬ್ಯಾಡ ಕಣ್ಲಾ," ಅಂತ ಮೂಗಿನ ದನಿ ಬಂತು.

ಎಲ್ಲರೂ ನಕ್ಕರು. ಸಕ್ಕತ್ತಾಗಿದೆ ಗುರು, ಥೇಟ್ ಮೇಸ್ತ್ರಿನೇ ಅಂದ ಒಬ್ಬ. ಬಸಣ್ಣನೂ ನಗುತ್ತಲೇ ಕಡ್ಡಿ ಎತ್ತಿ ನನ್ನ ಕಡೆ ತಿರುಗಿದ. ನನ್ನ ಬಾಯಿ ತುಂಬ ಚಿತ್ರಾನ್ನವಿತ್ತು. ತುಟಿ ಮುಚ್ಚಿತ್ತು. ದನಿ ಮಾತ್ರ ಇನ್ನೊಂದು ಸಲ ಬಂತು. ನನ್ನ ತುಟಿಯನ್ನೇ ನೋಡುತ್ತಿದ್ದ ಬಸಣ್ಣನ ಕೈ ಎತ್ತಿದಲ್ಲೇ ನಿಂತಿತು.

ಹಿಂದಿನಿಂದ ಬಂದ ನಂಜಪ್ಪನವರು ಬೈಯಲಿಲ್ಲ. ಉದ್ದ ಸರಳಿನ ತುದಿಗೆ ಬಟ್ಟೆಯ ಚೂರೊಂದನ್ನು ಸಿಕ್ಕಿಸಿ, ಅದಕ್ಕೆ ಆಕ್ಸಿಜನ್ ಊದಿ, ಆಚೆ ಗ್ರೈಂಡರಿನಿಂದ ಹಾರುತ್ತಿದ್ದ ಕಿಡಿಗೆ ಹಿಡಿದರು. ಉರಿಯಿತು ಅನ್ನಲಾರೆ. ಬೆಳ್ಳಗೆ ಒಮ್ಮೆ ಬೆಳಗಿತು, ಆಮೇಲೆ ಬಟ್ಟೆ ಇರಲಿಲ್ಲ. ನನ್ನ ಅಂಗಿಯೂ ಅದೇ ಥರದ ಹತ್ತಿಯದು. ಅಂಗಿಗೆ ಹಿಡಿದ ಆಕ್ಸಿಜನ್ ಪೂರ್ತಿ ಬಿಡುವವರೆಗೆ ಗೇಟಿನಾಚೆ ಬಯಲಲ್ಲಿ ನಿಂತಿರು ಅಂತ ಕೈ ತೋರಿಸಿದರು.

ಹೊಂಗೆ ಮರದ ಹತ್ತಿರ ಒಬ್ಬನೇ ನಿಂತೆ. ನಾನು ವರ್ಣಿಸಿದ್ದ ಗ್ರಹ ಈಗ ನನ್ನ ಅಂಗಿಯಷ್ಟೇ ಅಗಲವಿತ್ತು, ಅದಕ್ಕೆ ನಾನೊಬ್ಬನೇ ಪ್ರಜೆ. ನಿಜವಾದ ಆ ಗ್ರಹದಲ್ಲಿ ಕುಣಿಯುವವರು ಯಾರೂ ಇರಲಿಕ್ಕಿಲ್ಲ ಅನ್ನಿಸಿತು. ಕಲ್ಲಿಗೆ ಕಲ್ಲು ತಾಗದ ಹಾಗೆ ಮೆಲ್ಲಗೆ ನಡೆಯುತ್ತಾರೆ. ನೈಲಾನ್ ಬಟ್ಟೆ ಬಿಚ್ಚುವಾಗ ಚಟಪಟ ಅನ್ನುತ್ತದಲ್ಲ, ಅದಕ್ಕೂ ಬೆಚ್ಚುತ್ತಾರೆ. ಸಂಜೆಗೆ ದೀಪ ಹಚ್ಚುವುದಿಲ್ಲ. ಹಸಿ ಮರವೂ ಹೊತ್ತಿಕೊಳ್ಳಲು ಸಿದ್ಧವಾಗಿ ನಿಂತಿರುತ್ತದೆ. ಅಲ್ಲಿ ಗಾಳಿ ಬೀಸುವುದಿಲ್ಲ, ಕಾಯುತ್ತದೆ. ಅಷ್ಟರಲ್ಲಿ ಸಿಗರೇಟು ಹಿಡಿದ ಬೈಕಿನವನೊಬ್ಬ ಮೆಟ್ರೋ ಸ್ಟೇಷನ್ ಎಲ್ಲಿ ಬ್ರದರ್ ಅಂತ ಹತ್ತಿರ ಬಂದ. ನಾನು ಮರದ ಹಿಂದೆ ಸರಿದು ಅಲ್ಲಿಂದಲೇ ಬೆರಳು ತೋರಿಸಿದೆ.

ಒಳಗೆ ಬಂದಾಗ ಬಸಣ್ಣನ ಬೀಡಿ ಹಚ್ಚದೆಯೇ ಬಾಯಿಂದ ಕಿವಿಯ ಮೇಲೆ ಏರಿತ್ತು. ಮರ್ಯಾದೆ ಉಳಿಸಿಕೊಳ್ಳಬೇಕಲ್ಲ, ಆ ಗ್ರಹಕ್ಕೆ ಹೋಗೋಣವಾ ಬಸಣ್ಣ ಅಂದೆ. ಅವನು ನನ್ನ ಮುಖ ನೋಡಲಿಲ್ಲ, ನನ್ನ ಊಟದ ಡಬ್ಬಿ ನೋಡಿದ.

"ಹೋಗೂದಾದ್ರ ಚಿತ್ರಾನ್ನ ಕಟಗೊಂಡ ಹೋಗೋ ತಮ್ಮಾ. ಬಾಯಿ ಖಾಲಿ ಇದ್ರ ನೀ ಉಳಿಯಂಗಿಲ್ಲ."