ಮಾವನ ಕುತ್ತಿಗೆಯ ಗಂಟುಗಳು

ನನ್ನ ಮಾವ, ಅಂದರೆ ಗಂಡನ ತಂದೆ, ಆಸ್ಪತ್ರೆಗೆ ಹೋದರೆ ಪೊಲೀಸ್ ಠಾಣೆಗೆ ಹೋದವರ ಹಾಗೆ ಆಡುತ್ತಿದ್ದರು. ಕೇಳಿದ್ದಕ್ಕಷ್ಟೇ ಉತ್ತರ, ಅದರಲ್ಲೂ ಅರ್ಧ ನುಂಗಿಬಿಡುತ್ತಿದ್ದರು. ಹಾಗಾಗಿ ಸೋಲೂರಿನ ನಮ್ಮ ಮನೆಯಲ್ಲಿ ಅವರ ಕಾಯಿಲೆಗಳ ವಕೀಲಿಕೆ ನನ್ನ ಪಾಲಿಗೆ ಬಂದಿತ್ತು. ಬಾಯಿ ಜೋರು ಅಂತ ಅತ್ತೆಯೇ ನನ್ನನ್ನು ಆರಿಸಿದ್ದು.

ಆ ವರ್ಷ ಅವರೆಕಾಯಿ ಕಾಲದಲ್ಲಿ ಮಾವನ ಕುತ್ತಿಗೆಯ ಎರಡೂ ಕಡೆ ಗಂಟುಗಳೆದ್ದವು. ಆಮೇಲೆ ಕಂಕುಳಲ್ಲಿ, ತೊಡೆಸಂದಿಯಲ್ಲಿ. ಮೈಮೇಲೆ ಕೆಂಪು ಗಂಧೆ, ಸಂಜೆಗೆ ಸಣ್ಣ ಜ್ವರ. ಮಾವ ಡೈರಿಗೆ ಹಾಲು ಹಾಕಲು ಹೋದರೆ ಕ್ಯಾನು ಇಳಿಸುವ ಮೊದಲೇ ಊರಿನವರ ತಪಾಸಣೆ ಶುರು. ಒಬ್ಬರು ಹಲ್ಲಿನ ನಂಜು ಅಂದರು, ಇನ್ನೊಬ್ಬರು ಸುಣ್ಣ ಹಚ್ಚಿ ಅಂದರು, ಮತ್ತೊಬ್ಬರು ಏನೂ ಹೇಳದೆ ಲೊಚಗುಟ್ಟಿದರು. ಲೊಚಗುಟ್ಟಿದವರ ಮೇಲೆಯೇ ನನಗೆ ಹೆಚ್ಚು ಸಿಟ್ಟು ಬಂತು. ಅವರು ಬಾಯಿಬಿಟ್ಟು ಹೇಳದ ಕ್ಯಾನ್ಸರ್ ಎಂಬ ಮಾತೇ ನನ್ನ ಮನಸ್ಸಿನಲ್ಲೂ ಕುಳಿತಿತ್ತು.

ರಾಮನಗರದ ಡಾಕ್ಟರಮ್ಮ ಸಮಾಧಾನವಾಗಿ ವಿವರಿಸಿದರು. ಈ ವಯಸ್ಸಿನಲ್ಲಿ ಮೈಯೆಲ್ಲ ಗಂಟಾದರೆ ಟಿಬಿ ಇರಬಹುದು, ಬೇರೆ ಸೋಂಕಿರಬಹುದು, ಕ್ಯಾನ್ಸರ್ ಇರಬಹುದು, ಒಮ್ಮೊಮ್ಮೆ ಯಾವುದೋ ಮಾತ್ರೆ ಮೈಗೆ ಒಗ್ಗದೆಯೂ ಹೀಗಾಗುತ್ತದಂತೆ. ಏನೇನು ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು ಕೇಳಿದರು. ಬಿಪಿ ಮಾತ್ರೆ ಒಂದೇ ಎಂದು ಮಾವ ಫ್ಯಾನು ನೋಡಿಕೊಂಡು ಹೇಳಿದರು. ಅವರ ವಕೀಲಳಾದ ನಾನು ಹೌದೆಂದು ತಲೆಯಾಡಿಸಿದೆ. ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಎಲ್ಲ ಆದರೂ ಕಾರಣ ಸಿಗಲಿಲ್ಲ. ಮುಂದಿನ ವಾರ ಕುತ್ತಿಗೆಯ ಒಂದು ಗಂಟನ್ನೇ ತೆಗೆದು ಪರೀಕ್ಷೆಗೆ ಕಳಿಸೋಣ ಎಂದರು.

ಸುದ್ದಿ ತಿಳಿದು ತಿಪ್ಪಸಂದ್ರದಿಂದ ನಮ್ಮಪ್ಪ ಬೀಗರನ್ನು ನೋಡಲು ಬಂದರು. ಈ ಇಬ್ಬರು ಬೀಗರಲ್ಲಿ ಒಬ್ಬರು ಕೊಟ್ಟಿದ್ದನ್ನು ಇನ್ನೊಬ್ಬರು ಬೇಡವೆನ್ನುವ ಹಾಗಿಲ್ಲ. ಹಲಸಿನಹಣ್ಣಾದರೂ ಸರಿ, ಹೋರಿಗರುವಾದರೂ ಸರಿ. ನಾನು ಕಾಫಿ ಹಿಡಿದು ಬರುವಾಗ ಅಪ್ಪ ತಗ್ಗಿದ ದನಿಯಲ್ಲಿ ಕೇಳುತ್ತಿದ್ದರು.

"ಹೋದ ಸಲ ಕೊಟ್ಟಿದ್ದು ಮುಗ್ದೋಯ್ತಾ ಬೀಗ್ರೇ? ಇನ್ನೊಸಿ ತಂದಿವ್ನಿ."

ಮಾವ ಅಪ್ಪ ಕೊಟ್ಟ ಪೊಟ್ಟಣವನ್ನು ಎಲೆಅಡಿಕೆ ಚೀಲಕ್ಕೆ ಇಳಿಸಿದರು. ನಾನು ಕಾಫಿ ಕೆಳಗಿಟ್ಟು ಚೀಲ ಕಿತ್ತುಕೊಂಡೆ. ಒಳಗಿದ್ದದ್ದು ಅಪ್ಪನ ಯೂರಿಕ್ ಆಸಿಡ್ ಇಳಿಸುವ ಮಾತ್ರೆ. ತಮ್ಮ ಕಾಲ್ಬೆರಳ ಊತಕ್ಕೆ ಡಾಕ್ಟರ್ ಬರೆದುಕೊಟ್ಟದ್ದನ್ನು ಮಾವನ ಮಂಡಿನೋವಿಗೂ ಆದೀತೆಂದು ಎಲೆ ಅಡಿಕೆಯ ಹಾಗೆ ಹಂಚಿಕೊಂಡಿದ್ದರು.

ಮಾರನೆಯ ದಿನ ಇಬ್ಬರನ್ನೂ ಬಸ್ ಹತ್ತಿಸಿ ಡಾಕ್ಟರಮ್ಮನ ಮುಂದೆ ಕೂರಿಸಿದೆ. ಈ ಮಾತ್ರೆ ಕೆಲವರಿಗೆ ಹೀಗೆ ಗಂಟೆಬ್ಬಿಸುತ್ತದೆ, ಈಗಲೇ ನಿಲ್ಲಿಸಿ, ಕೆಲವು ವಾರ ನೋಡೋಣ, ಇಳಿಯದಿದ್ದರೆ ಗಂಟು ತೆಗೆಯಲೇಬೇಕು ಎಂದರು ಅವರು. ಆಮೇಲೆ ಬೆಳಗಾದರೆ ಅತ್ತೆ ಮಾವನ ಕುತ್ತಿಗೆ ತಡವಿ, ಅಡುಗೆಮನೆಯಲ್ಲಿದ್ದ ನನಗೆ ಕೂಗಿ ವರದಿ ಒಪ್ಪಿಸುತ್ತಿದ್ದರು. ಜ್ವರ ಬಿಟ್ಟಿತು, ಗಂಧೆ ಮಾಯಿತು, ಗಂಟುಗಳು ಕರಗುತ್ತಾ ಕರಗುತ್ತಾ ಕೈಗೆ ಸಿಗದಾದವು. ಈಗ ಅಪ್ಪ ಬಂದರೆ ಕಾಲಿಗೆ ನೀರು ಕೊಡುವ ಮೊದಲು ಅವರ ಜೇಬು ನೋಡುತ್ತೇನೆ.

ಎಲ್ಲ ಸರಿಹೋದ ಮೇಲೆ ಮಾವನನ್ನು ತರಾಟೆಗೆ ತೆಗೆದುಕೊಂಡೆ. ಡಾಕ್ಟರ್ ಅಷ್ಟು ಕೇಳಿದರೂ ಬಾಯಿ ಬಿಡಲಿಲ್ಲವಲ್ಲ, ಯಾಕೆ ಎಂದೆ. ಅವರು ಚೀಲದಿಂದ ಎಲೆ ತೆಗೆದು ತೊಡೆಗೆ ಒರೆಸಿಕೊಂಡರು.

"ನಂಗೇನಾರ ಆಗೋಗಿದ್ರೆ, ಇವ್ಳಪ್ಪನೇ ಕೊಂದ್ಬುಟ್ಟ ಅಂತ ಊರ್ನೋರು ನಿನ್ನ ಆಡ್ಕತಿದ್ರು ಕಣವ್ವ."

ಅಂದರೆ ಡಾಕ್ಟರಮ್ಮ ಮಾತ್ರೆಯ ಮಾತೆತ್ತಿದಾಗಲೇ ಅವರಿಗೆ ಅನುಮಾನ ಬಂದಿತ್ತು, ಆದರೂ ಬೀಗರು ಕೊಟ್ಟದ್ದನ್ನು ಬಿಡಲಿಲ್ಲ. ಕತ್ತು ಕೊಯ್ಯಿಸಿಕೊಳ್ಳಲು ತಯಾರಿದ್ದರು, ನನ್ನ ಮೇಲೆ ಮಾತು ಬರಗೊಡಲು ತಯಾರಿರಲಿಲ್ಲ. ನನಗೆ ಅಳು ಬಂತು. ಕಣ್ಣೊರೆಸಿಕೊಂಡು ಅವರ ಕೈಯಲ್ಲಿದ್ದ ಎಲೆ ತೆಗೆದುಕೊಂಡು, ನಾನೇ ಸುಣ್ಣ ಸವರಿ ಕೊಟ್ಟೆ.